ಇಂಟರ್‌ಕೂಲರ್ ಪೈಪು ಕಳಚುವುದೇಕೆ, ತಡೆಯುವುದು ಹೇಗೆ: ಅಧ್ಯಯನ ಟಿಪ್ಪಣಿ

ಟರ್ಬೊ ಕಾರು ಏರು ದಾರಿಯಲ್ಲಿ ಜೋರಾಗಿ ಎಳೆಯುತ್ತಿರುವಾಗ ‘ಟಪ್’ ಎಂಬ ಸದ್ದು ಕೇಳಿ, ಮರುಕ್ಷಣವೇ ಎಳೆತ ಕುಸಿದರೆ, ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ಪೈಪಿನ ಯಾವುದೋ ಒಂದು ಜೋಡಣೆ ಬಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಪೈಪಿನ ಮೇಲೆ ಕೂರುವ ಮೆತ್ತನೆಯ ಹೋಸನ್ನು ಬಿಗಿದಿಡುವ ಕ್ಲಾಂಪ್ ಪಟ್ಟಿಯನ್ನು ಇನ್ನೆರಡು ಸುತ್ತು ಬಿಗಿಯೋಣವೆಂದು ಬಹುತೇಕ ಎಲ್ಲರಿಗೂ ಅನಿಸುತ್ತದೆ. ಆದರೆ ಬಿಗಿಯುವ ಮೊದಲು ಆ ಜೋಡಣೆಯ ಮೇಲೆ ಬೀಳುವ ಬಲ ಎಷ್ಟು, ಅದನ್ನು ತಡೆದು ನಿಲ್ಲಿಸುವುದು ಯಾವುದು ಎಂಬುದನ್ನು ತಿಳಿದುಕೊಳ್ಳಬೇಕು.

ಪೈಪನ್ನು ಹೋಸಿನಿಂದ ಹೊರದಬ್ಬುವ ಬಲವು ಬೂಸ್ಟ್ ಒತ್ತಡವನ್ನು (ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಬರುವ ಹೆಚ್ಚುವರಿ ಒತ್ತಡ) ಹೋಸಿನ ಒಳ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟಿರುತ್ತದೆ. ಹೋಸಿನ ಒಳವ್ಯಾಸ 63 ಮಿ.ಮೀ. ಇದ್ದರೆ ವಿಸ್ತೀರ್ಣ ಸುಮಾರು 31 ಚದರ ಸೆಂ.ಮೀ.; 1 ಬಾರ್ ಬೂಸ್ಟಿನಲ್ಲಿ ಜೋಡಣೆಯನ್ನು ಎಳೆಯುವ ಬಲ ಸುಮಾರು 310 ನ್ಯೂಟನ್, ಅಂದರೆ 32 ಕಿಲೋ ಭಾರವನ್ನು ಅದಕ್ಕೆ ನೇತುಹಾಕಿದಂತೆ. ಬೂಸ್ಟ್ 1.5 ಬಾರ್‌ಗೆ ಏರಿದರೆ ಅದು 48 ಕಿಲೋ ಸಮೀಪಿಸುತ್ತದೆ. ವ್ಯಾಸ ಹೆಚ್ಚಿದಂತೆ ಬಲವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 76 ಮಿ.ಮೀ. ಹೋಸಿನಲ್ಲಿ 1 ಬಾರ್ ಒತ್ತಡವೇ 46 ಕಿಲೋದಷ್ಟು ಎಳೆಯುತ್ತದೆ. ದೊಡ್ಡ ಪೈಪು ಹಾಕಿಸಿದ ಮೇಲೆ ಹಳೆಯ ಕ್ಲಾಂಪುಗಳು ಸೋಲುವುದಕ್ಕೆ ಇದೇ ಕಾರಣ. ನಿಂತ ಕಾರಿನ ಎಂಜಿನ್ ಐಡಲ್‌ನಲ್ಲಿರುವಾಗ ಈ ಬಲ ಇಲ್ಲವೆಂಬಷ್ಟು ಕಡಿಮೆ, ಆದ್ದರಿಂದ ಕೈಯಿಂದ ಅಲುಗಾಡಿಸಿ ನೋಡಿ ಗಟ್ಟಿಯಾಗಿದೆ ಎಂದುಕೊಳ್ಳುವುದು ಸಾಲದು.

ಇದನ್ನು ತಡೆಯುವುದು ಎರಡೇ: ಹೋಸ್ ಮತ್ತು ಪೈಪಿನ ನಡುವಿನ ಘರ್ಷಣೆ, ಪೈಪಿನ ತುದಿಯಲ್ಲಿ ಸುತ್ತಲೂ ಎದ್ದಿರುವ ಬೀಡ್ ಎಂಬ ಉಬ್ಬು. ಘರ್ಷಣೆಯ ಮೊದಲ ಶತ್ರು ಎಣ್ಣೆ. ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ, ಎಣ್ಣೆಯಾಡುವ ಕೋಣೆ) ಆವಿಯನ್ನು ಟರ್ಬೊ ಮುಂಚಿನ ಗಾಳಿದಾರಿಗೆ ಬಿಡುವ ಎಂಜಿನ್‌ಗಳಲ್ಲಿ ಎಣ್ಣೆಯ ತೆಳು ಪದರ ಪೈಪುಗಳ ಒಳಗೆಲ್ಲ ಹರಡಿ ಜೋಡಣೆಗೂ ಇಳಿಯುತ್ತದೆ. ಆದ್ದರಿಂದ ಬಿಚ್ಚಿದಾಗಲೆಲ್ಲ ಎರಡೂ ಮೈಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕೂಡಿಸಬೇಕು. ಹೋಸ್ ಸಲೀಸಾಗಿ ಜಾರಿ ಕೂರಲೆಂದು ಗ್ರೀಸ್ ಸವರುವ ಅಭ್ಯಾಸವನ್ನು ನಾನಂತೂ ಖಂಡಿತ ಬೇಡವೆನ್ನುತ್ತೇನೆ. ಸಲೀಸಾಗಿ ಕೂತದ್ದು ಬೂಸ್ಟ್ ಬಂದಾಗ ಅಷ್ಟೇ ಸಲೀಸಾಗಿ ಹೊರಬರುತ್ತದೆ.

ಕ್ಲಾಂಪು ಕೂರಬೇಕಾದದ್ದು ಬೀಡಿನ ಮೇಲಲ್ಲ, ಬೀಡಿಗೂ ಹೋಸಿನ ಅಂಚಿಗೂ ನಡುವೆ. ಬೀಡಿನ ಮೇಲೆ ಕೂತ ಕ್ಲಾಂಪು ಬಿಗಿದಂತೆ ಕಂಡರೂ ಮೆಲ್ಲಗೆ ಜಾರಿ ಸಡಿಲಗೊಳ್ಳುತ್ತದೆ. ತುದಿ ನುಣ್ಣಗಿರುವ ಅಲ್ಯೂಮಿನಿಯಂ ಪೈಪಿಗೆ ಬೀಡ್ ಮಾಡಿಸುವುದು, ಯಾವ ದುಬಾರಿ ಕ್ಲಾಂಪು ಕೊಳ್ಳುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ಪಟ್ಟಿಯಲ್ಲಿ ಸೀಳುಗಳಿರುವ ಸ್ಕ್ರೂ ಕ್ಲಾಂಪನ್ನು ಅತಿಯಾಗಿ ಬಿಗಿದರೆ ಮೆತ್ತನೆಯ ಸಿಲಿಕೋನ್ ಆ ಸೀಳುಗಳೊಳಗೆ ಉಬ್ಬಿ ಕತ್ತರಿಸಿಹೋಗುತ್ತದೆ. ನುಣುಪು ಪಟ್ಟಿಯ ಟಿ-ಬೋಲ್ಟ್ ಕ್ಲಾಂಪು ಸುತ್ತಲೂ ಸಮನಾಗಿ ಒತ್ತುತ್ತದೆ.

ಇಷ್ಟಾದರೂ ಒಂದೇ ಜೋಡಣೆ ಮತ್ತೆ ಮತ್ತೆ ಬಿಡುತ್ತಿದ್ದರೆ ಎಂಜಿನ್ನಿನ ಓಲಾಟವನ್ನು ಗಮನಿಸಬೇಕು. ಹಿಡಿದಿಡುವ ಮೌಂಟುಗಳು ಸವೆದ ಎಂಜಿನ್ ಗೇರು ಬದಲಿಸಿದಾಗಲೆಲ್ಲ ಹೊರಳುತ್ತದೆ, ಇಂಟರ್‌ಕೂಲರ್ ಮಾತ್ರ ಕಾರಿನ ಬಾಡಿಯನ್ನು ಕಚ್ಚಿಕೊಂಡು ನಿಂತಿರುತ್ತದೆ, ಹೀಗಾಗಿ ಆ ಎಳೆದಾಟವೆಲ್ಲ ನಡುವಿನ ಹೋಸಿನ ಮೇಲೆ ಬೀಳುತ್ತದೆ. ಎಂಜಿನ್ ಕಡೆಯ ಪೈಪನ್ನು ಬ್ರಾಕೆಟ್ಟಿನಿಂದ ಎಂಜಿನ್ನಿಗೂ, ಇಂಟರ್‌ಕೂಲರ್ ಕಡೆಯದನ್ನು ಬಾಡಿಗೂ ಬಿಗಿದು, ನಡುವಿನ ಹೋಸಿಗೆ ಬಾಗಲು ಮಾತ್ರ ಅವಕಾಶ ಕೊಡಬೇಕು.

ಜೋಡಿಸಿದ ಮೇಲೆ ಹೋಸಿನ ಅಂಚಿಗೆ ಸರಿಯಾಗಿ ಪೈಪಿನ ಮೇಲೆ ಪೇಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ಕೆಲವು ಸಲ ಎಂಜಿನ್ ಕಾದು ಆರಿದ ನಂತರ, ತಣ್ಣಗಿರುವಾಗಲೇ ಕ್ಲಾಂಪನ್ನು ಮತ್ತೊಮ್ಮೆ ಪರೀಕ್ಷಿಸಿ. ಗೆರೆಗೂ ಅಂಚಿಗೂ ನಡುವೆ ಒಂದೆರಡು ಮಿ.ಮೀ. ಅಂತರ ಕಂಡರೂ ಹೋಸ್ ಜಾರತೊಡಗಿದೆ ಎಂದರ್ಥ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಬೇಕು.