ತಲೆ ತಗ್ಗಿಸಿದ ನಾಯಿಗೆ ತಪ್ಪು ಗೊತ್ತಿರುವುದಿಲ್ಲ

ಪ್ರಶ್ನೆ: ನಮ್ಮದು ಎಂಟು ತಿಂಗಳಿನ ಪಾಮೇರಿಯನ್, ಹೆಣ್ಣು. ದಿನಕ್ಕೆ ಮೂರು ಸಲ ಅಂಗಳಕ್ಕೆ ಬಿಡುತ್ತೇವೆ. ಹೊರಗೆಲ್ಲ ಸುತ್ತಾಡಿ ಬಂದು ಚಾವಡಿಯ ಚಾಪೆಯ ಮೇಲೇ ಉಚ್ಚೆ ಹೊಯ್ಯುತ್ತದೆ. ಬೈದರೆ ತಲೆ ತಗ್ಗಿಸಿ ಸೋಫಾದ ಅಡಿ ಸೇರುತ್ತದೆ. ತಪ್ಪು ಅಂತ ಗೊತ್ತಿದ್ದೂ ಮಾಡಿದರೆ ಎಂತ ಮಾಡುವುದು?

ಈ ಮಳೆಗಾಲದಲ್ಲಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದೆನೋ ಲೆಕ್ಕವಿಲ್ಲ. ನಮ್ಮ ಕಾಸರಗೋಡಿನ ಪೆರ್ಲದವರು ಕೇಳಿದ್ದಾರೆ, ಮುಳ್ಳೇರಿಯದವರು ಕೇಳಿದ್ದಾರೆ. ಇಂಜೆಕ್ಷನ್‌ಗೆ ಬಂದವರು ನಾಯಿಯನ್ನು ಮೇಜಿನ ಮೇಲೆ ಇಡುವ ಮೊದಲೇ ಕೇಳುತ್ತಾರೆ. ಎಲ್ಲರ ಪ್ರಶ್ನೆಯ ಕೊನೆಗೂ ಆ ಒಂದು ಮಾತು ಇದ್ದೇ ಇರುತ್ತದೆ: "ಅದಕ್ಕೆ ಗೊತ್ತುಂಟು ಡಾಕ್ಟ್ರೇ." ಅಲ್ಲಿಂದಲೇ ಶುರು ಮಾಡುತ್ತೇನೆ. ಆ ನಂಬಿಕೆ ಬಿಡದವರಿಗೆ ಮುಂದೆ ಹೇಳುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೆ ಗೊತ್ತಿಲ್ಲ. ಕಳೆದ ವರ್ಷ ನೀರ್ಚಾಲಿನ ಹತ್ತಿರ ಒಂದು ಮನೆಗೆ ದನ ನೋಡಲು ಹೋಗಿದ್ದೆ. ಆ ಮನೆಯ ಅಕ್ಕನದೂ ಇದೇ ದೂರು. ಅವರು ಒಳಗೆ ಚಾ ಮಾಡುತ್ತಿದ್ದಾಗ ನಾನು ಲೋಟದ ನೀರನ್ನು ಕಾವಿ ನೆಲದ ಮೇಲೆ ಒಂದಿಷ್ಟು ಚೆಲ್ಲಿದೆ. ನನ್ನ ಕಾಲ ಬುಡದಲ್ಲಿ ಮಲಗಿದ್ದ ನಾಯಿ ಎದ್ದು ಮೂಸಿ ಮತ್ತೆ ಮಲಗಿತು. ಅಕ್ಕ ಚಾ ಹಿಡಿದು ಬಾಗಿಲಿಗೆ ಬಂದವರು ನೀರನ್ನು ಕಂಡರು, ಹುಬ್ಬು ಗಂಟಿಕ್ಕಿದರು, ಅಷ್ಟೆ. ಬಾಯಿ ಬಿಟ್ಟಿರಲಿಲ್ಲ. ನಾಯಿಯ ಕಿವಿ ಹಿಂದಕ್ಕೆ ಅಂಟಿತು, ಬಾಲ ಕಾಲಸಂದಿಗೆ ಹೋಯಿತು, ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿಕೊಂಡು ಬೆಂಚಿನಡಿ ಸೇರಿತು. "ನೋಡಿ, ಗೊತ್ತುಂಟಲ್ಲ!" ಅಂದರು. ಚೆಲ್ಲಿದ್ದು ನಾನು ಅಂದೆ. ಅಕ್ಕ ಲೋಟ ಕೆಳಗಿಟ್ಟು ಬೆಂಚಿನಡಿಗೆ ಬಗ್ಗಿ ತುಂಬ ಹೊತ್ತು ನೋಡುತ್ತ ಕೂತರು.

ಇದನ್ನೇ 2009ರಲ್ಲಿ ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಯಜಮಾನರು ಹೊರಗೆ ಹೋಗಬೇಕು. ನಾಯಿ ತಿಂದಿತೋ ಇಲ್ಲವೋ ಎಂದು ಅವರಿಗೆ ಕೆಲವು ಸಲ ನಿಜ ಹೇಳಿದರು, ಕೆಲವು ಸಲ ಸುಳ್ಳು ಹೇಳಿದರು. ತಿಂದಿತು ಎಂದಾಗ ಯಜಮಾನರು ನಾಯಿಗೆ ಬೈಯಬೇಕು. ಬೈಸಿಕೊಂಡ ನಾಯಿಗಳೇ ಆ "ತಪ್ಪಾಯಿತು" ಮುಖ ಮಾಡಿದವು. ಅದರಲ್ಲೂ ತಿಂಡಿ ಮುಟ್ಟದೆ ಬೈಸಿಕೊಂಡ ನಾಯಿಗಳ ಮುಖವೇ ಹೆಚ್ಚು ಬಾಡಿತ್ತು. ನಾವು ಪಶ್ಚಾತ್ತಾಪ ಎಂದುಕೊಳ್ಳುವುದು ನಮ್ಮ ಸಿಟ್ಟಿಗೆ ಹೆದರಿದ ಮುಖ.

ನಾಯಿ ಒಂದು ಕೆಲಸಕ್ಕೂ ಅದರ ಫಲಕ್ಕೂ ಸಂಬಂಧ ಕಟ್ಟುವುದು ಒಂದೆರಡು ಸೆಕೆಂಡಿನೊಳಗೆ. ಹತ್ತು ನಿಮಿಷ ಕಳೆದು ಕತ್ತು ಹಿಡಿದು ಮೂಗು ಉಜ್ಜಿದರೆ ಅದು ಕಲಿಯುವುದು ಇಷ್ಟೇ: ಉಚ್ಚೆ ಇರುವಲ್ಲಿ ಈ ಮನುಷ್ಯ ಬಂದರೆ ಪೆಟ್ಟು ಬೀಳುತ್ತದೆ. ಹಾಗಾಗಿ ನಿಮ್ಮೆದುರು ಅಂಗಳದಲ್ಲೂ ಹೊಯ್ಯುವುದಿಲ್ಲ. ಒಳಗೆ ಬಂದು, ನೀವು ಅಡಿಗೆಮನೆಗೆ ಹೋದ ಮೇಲೆ, ಮೂಲೆ ಹುಡುಕುತ್ತದೆ. ಅದನ್ನು ನೀವು ಹಟ ಅನ್ನುತ್ತೀರಿ. ಅಜ್ಜನ ಕಾಲದಲ್ಲಿ ಮೂಗು ಉಜ್ಜಿಯೇ ಕಲಿಸಿದ್ದು ಎನ್ನುವವರಿದ್ದಾರೆ. ಅಜ್ಜನ ನಾಯಿ ಜಗಲಿ ಹತ್ತಿದ್ದೇ ಇಲ್ಲ. ತೋಟದಲ್ಲಿ ತಿರುಗಿ ಕೊಟ್ಟಿಗೆಯ ಬದಿಯಲ್ಲಿ ಮಲಗುವ ನಾಯಿಗೆ ಕಲಿಸುವುದಕ್ಕೆ ಏನಿತ್ತು?

ಇನ್ನು ಮಾಡಬೇಕಾದದ್ದು. ಅಂಗಳಕ್ಕೆ ಬಿಡುವುದು ಬೇರೆ, ಕರೆದುಕೊಂಡು ಹೋಗುವುದು ಬೇರೆ. ಬೆಲ್ಟ್ ಹಾಕಿ ನೀವೇ ಹೋಗಿ, ದಿನವೂ ಒಂದೇ ಜಾಗಕ್ಕೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ, ಆಟ ಮುಗಿದಾಗ, ರಾತ್ರಿ ಮಲಗುವ ಮೊದಲು. ಮೂರು ಸಲ ಸಾಲದು, ಸದ್ಯಕ್ಕೆ ಆರು ಸಲ ಮಾಡಿ. ಸಣ್ಣ ಜಾತಿಯ ನಾಯಿಯ ಮೂತ್ರಕೋಶವೂ ಸಣ್ಣದು. ಹೊಯ್ದು ಮುಗಿಸಿದ ಕ್ಷಣಕ್ಕೆ, ನಿಂತಲ್ಲೇ, ದೋಸೆಯ ಒಂದು ಚೂರು ಬಾಯಿಗೆ ಕೊಡಿ. ಒಳಗೆ ಬಂದು ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕಿದ ದೋಸೆಯಾಗುತ್ತದೆ. ಚಾಪೆ, ಕಾಲೊರಸು ಎಲ್ಲ ಒಂದು ತಿಂಗಳು ಎತ್ತಿಡಿ. ಮರಿ ಎರಡು ತಿಂಗಳಿರುವಾಗ ಕಾಲಡಿಗೆ ಏನಿತ್ತೋ ಅಂಥದ್ದನ್ನೇ ಮುಂದೆಯೂ ಹುಡುಕುತ್ತದೆ. ಗೋಣಿಯ ಮೇಲೆ ಬೆಳೆದ ಮರಿಗೆ ಚಾಪೆ ಕಂಡರೆ ಅದೇ ಜಾಗ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಆಟಿ ತಿಂಗಳ ಮಳೆಗೆ ಗೇಣೆತ್ತರದ ನಾಯಿ ಅಂಗಳಕ್ಕಿಳಿಯದಿದ್ದರೆ ಅದರ ತಪ್ಪಲ್ಲ. ಬಚ್ಚಲು ಕೊಟ್ಟಿಗೆಯ ಬದಿಯಲ್ಲಿ, ನೀರು ಬೀಳದ ಮಾಡಿನಡಿ, ಒಂದಿಷ್ಟು ಮಣ್ಣು, ತರಗೆಲೆ ಹರವಿ ಕೊಡಿ.

ಫಿನಾಯಿಲ್ ನಮ್ಮ ಮೂಗನ್ನು ಮಾತ್ರ ಮುಚ್ಚುತ್ತದೆ, ನಾಯಿಗೆ ಹಳೆಯ ವಾಸನೆ ಸಿಗುತ್ತಲೇ ಇರುತ್ತದೆ. ಎನ್‌ಜೈಮ್ (ವಾಸನೆಯ ಮೂಲವನ್ನೇ ಒಡೆಯುವ ವಸ್ತು) ಇರುವ ಕ್ಲೀನರ್ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ ಒರೆಸಿ. ಬ್ಲೀಚಿಂಗ್ ಪೌಡರನ್ನು ಉಚ್ಚೆಯ ಮೇಲೆ ಹಾಕಲೇಬೇಡಿ, ಎದೆ ಕಟ್ಟುವಂಥ ಹೊಗೆ ಏಳುತ್ತದೆ. ಸರಿಯಾಗಿದ್ದ ನಾಯಿ ಒಮ್ಮೆಲೇ ಶುರು ಮಾಡಿದರೆ, ಹನಿಹನಿಯಾಗಿ ತಿಣುಕಿದರೆ, ರಕ್ತ ಕಂಡರೆ, ಅತಿಯಾಗಿ ನೀರು ಕುಡಿದರೆ, ಇದಾವುದೂ ಬೇಡ, ಮೂತ್ರ ಪರೀಕ್ಷೆ ಮಾಡಿಸಿ.

ಒರೆಸುವ ಮಾತು ಬಂತಲ್ಲ, ನೀವು ಕೇಳದ ಇನ್ನೊಂದನ್ನು ಹೇಳುತ್ತೇನೆ. ಬರಿಗೈಯಲ್ಲಿ ಒರೆಸಬೇಡಿ. ಇಲಿಜ್ವರ ಇಲಿಯಿಂದ ಮಾತ್ರ ಬರುವುದಲ್ಲ. ಸೋಂಕು ತಗಲಿದ ದನ, ನಾಯಿಗಳ ಮೂತ್ರದಲ್ಲೂ ಆ ಬ್ಯಾಕ್ಟೀರಿಯಾ ಇರುತ್ತದೆ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಚರ್ಮದ ಗಾಯದಿಂದ ಒಳಗೆ ಹೋಗುತ್ತದೆ. ಮಳೆಗಾಲವಿಡೀ ತೋಟದಲ್ಲಿ ನೆನೆದು ಬೆರಳಸಂದಿ ಬಿರಿದ ಕಾಲು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ನಾಯಿಗೆ ಇದರ ಲಸಿಕೆ ಉಂಟು. ಮೊದಲಿಗೆ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಕಾರ್ಡಿನಲ್ಲಿ ಅಂಟಿಸಿದ ಚೀಟಿ ನೋಡಿ, ಹೆಸರಿನ ಕೊನೆಗೆ 'ಎಲ್' ಅಕ್ಷರ ಇದ್ದರೆ ಅದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರದ್ದು. ಎಲ್ ಇಲ್ಲದಿದ್ದರೆ, ಅಥವಾ ಎರಡನೆಯ ಡೋಸಿನ ತಾರೀಖು ಖಾಲಿ ಇದ್ದರೆ, ಮಳೆ ಬಿಡಲಿ ಎಂದು ಕಾಯದೆ ಈ ವಾರವೇ ಕರೆದುಕೊಂಡು ಬನ್ನಿ.