ಗಾಣ ಬಂತು, ಶೇಂಗಾ ತರೋಕೆ ದುಡ್ಡಿಲ್ಲ

ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸೋಕೆ ನನ್ನ ಹತ್ರ ಬರೋರು ಕುರ್ಚಿ ಎಳ್ಕೊಂಡು ಕೂರೋ ಮೊದ್ಲೇ ಕೇಳೋದು ಒಂದೇ, "ಸರ, ಸಬ್ಸಿಡಿ ಎಷ್ಟ್ ಬರ್ತದ್ರಿ?" ಮಾಲು ಯಾರಿಗೆ ಮಾರ್ತೀರಿ ಅಂದ್ರೆ ಮುಖ ಮುಖ ನೋಡ್ತಾರೆ. ಸಿಟ್ಟು ಬರುತ್ತೆ, ಆದ್ರೆ ತಪ್ಪು ಅವ್ರದ್ದೊಂದೇ ಅಲ್ಲ, ಮಷಿನ್ ಮಾರೋನು ಕೊಟೇಶನ್ ಹಿಂದೇನೇ ಸಬ್ಸಿಡಿ ಲೆಕ್ಕಾನೂ ಬರ್ದು ಕಳ್ಸಿರ್ತಾನೆ.

ಪಿಎಂಇಜಿಪಿ ತಗೊಳ್ಳಿ, ಸಣ್ಣ ಘಟಕ ಹಾಕೋರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಸ್ಕೀಮು. ಹಳ್ಳೀಲಿ ಹೆಣ್ಮಗಳೊಬ್ರು 10 ಲಕ್ಷದ ಘಟಕ ಹಾಕಿದ್ರೆ ಸ್ವಂತದ್ದು ಶೇ 5 ಅಂದ್ರೆ 50 ಸಾವಿರ, ಉಳಿದ 9.5 ಲಕ್ಷ ಬ್ಯಾಂಕಿಂದು. ಸಬ್ಸಿಡಿ ಶೇ 35, ಮೂರೂವರೆ ಲಕ್ಷ. ಅದು ಕೈಗೆ ಬರಲ್ಲ. ಇನ್ನೊಂದ್ಸಲ ಹೇಳ್ತೀನಿ, ಕೈಗೆ ಬರಲ್ಲ. ಬ್ಯಾಂಕಲ್ಲೇ 3 ವರ್ಷ ಡೆಪಾಸಿಟ್ ಆಗಿ ಕೂತಿರುತ್ತೆ, ಅಷ್ಟು ಸಾಲಕ್ಕೆ ಬಡ್ಡಿ ಹಾಕಲ್ಲ, ಘಟಕ ನಡೀತಿದ್ರೆ ಆಮೇಲೆ ಸಾಲಕ್ಕೆ ಜಮಾ. ಇದನ್ನ ನಂಬಿ ಮಗಳ ಮದುವೆ ಮುಹೂರ್ತ ಇಟ್ಟೋರನ್ನೂ ನೋಡಿದೀನಿ. (ನಿಯಮ ಬದಲಾಗ್ತಿರುತ್ತೆ, ನಿಮ್ಮ ಬ್ರಾಂಚಲ್ಲಿ ಒಂದ್ಸಲ ಕೇಳ್ಕೊಳ್ಳಿ.)

ಬಾಗಲಕೋಟೆ ಕಡೆ ಹುಡುಗನೊಬ್ಬ ಮರದ ಗಾಣ ಹಾಕಿದ್ದ. ನೋಡೋಕೆ ಹೋದ್ರೆ ಗಾಣದ ಮೇಲೆ ತಾಡಪಾಲು, ಅದರ ಮೇಲೆ ಅವರವ್ವ ಸಂಡಿಗೆ ಒಣಹಾಕಿದ್ರು. ಯಾಕಪ್ಪ ಅಂದ್ರೆ "ಶೇಂಗಾ ತರಾಕ ರೊಕ್ಕ ಇಲ್ರಿ ಸರ."

ಲೆಕ್ಕ ನೋಡಿ. ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ದಿನಕ್ಕೆ 20 ಲೀಟರ್ ಅಂದ್ರೆ 50 ಕೆಜಿ, ಕೆಜಿಗೆ 120 ಅಂತ ಇಟ್ಕೊಂಡ್ರೂ ದಿನಕ್ಕೆ 6 ಸಾವಿರ. ಅಂಗಡಿಯವ್ರು ಉದ್ರಿ ತಗೊಂಡು ತಿಂಗಳಿಗೆ ದುಡ್ಡು ಕೊಡ್ತಾರೆ, ತಿಂಗಳಲ್ಲಿ 25 ದಿನ ಗಾಣ ತಿರುಗಿದ್ರೂ ಒಂದೂವರೆ ಲಕ್ಷ ಬೀಜಕ್ಕೇ ಹೋಯ್ತು, ಬಾಟ್ಲಿ, ಕರೆಂಟು, ಕೂಲಿ ಬೇರೆ. ನಗದು ಬರೋದು ಹಿಂಡಿಗೆ ಮಾತ್ರ, ಎಮ್ಮೆ ಸಾಕಿದೋರು ಬಾಗ್ಲಿಗೇ ಬಂದು ಒಯ್ತಾರೆ. ಇವನ ರಿಪೋರ್ಟಲ್ಲಿ ದುಡಿಯೋ ಬಂಡವಾಳ, ಅಂದ್ರೆ ಮಾಲು ತರೋಕೆ, ದಿನದ ಖರ್ಚಿಗೆ ಬೇಕಾದ ದುಡ್ಡು, ಅಂತ ಬರ್ದಿದ್ದು 20 ಸಾವಿರ! ಮೂರು ದಿನದ ಶೇಂಗಾ. ಸ್ಕೀಮಲ್ಲಿ ಮಾಲು ತಂದು ಮಾರಿ ದುಡ್ಡು ಬರೋವರೆಗಿನ ಒಂದು ಸುತ್ತಿನ ದುಡಿಯೋ ಬಂಡವಾಳ ಸೇರ್ಸೋಕೆ ಅವಕಾಶ ಇದ್ದೇ ಇದೆ, ಆದ್ರೆ ಎಲ್ಲಾನೂ ಮಷಿನಿಗೇ ಬರ್ಸಿಬಿಟ್ಟಿದ್ರು.

1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಅನ್ನೋ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆ ಶುರುವಾಗಿ ಆಮೇಲೆ ಅದೇ ಮಾದರಿ ದೇಶಕ್ಕೆಲ್ಲ ಹೋಯ್ತು, ಅಲ್ಲಿ ಮಾರುಕಟ್ಟೆ ಸಮೀಕ್ಷೆ ಅಂತ ಅಂಗಡಿ ಅಂಗಡಿ ತಿರುಗಿಸ್ತಾರೆ. ನಮ್ಮೋರಿಗೆ ಅದು ಸರ್ಟಿಫಿಕೇಟ್ ಸಿಗೋವರೆಗಿನ ತ್ರಾಸು.

ಹೋದ ತಿಂಗಳು ಒಬ್ರು ಅಕ್ಕಾರು ಬಂದಿದ್ರು. ಮನೇಲೇ ನಾಲ್ಕು ಹೆಣ್ಮಕ್ಳನ್ನ ಕೂರ್ಸ್ಕೊಂಡು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡ್ತಾರೆ. ಸೆರಗಿನ ಗಂಟಿಂದ ನೋಟ್‌ಬುಕ್ ಹಾಳೆ ತೆಗೆದ್ರು, ಯಾರ್ಯಾರ ಬಾಕಿ ಎಷ್ಟು ಅಂತ ಪೆನ್ಸಿಲಲ್ಲಿ ಬರ್ದಿತ್ತು. ಸಬ್ಸಿಡಿ ಹೆಸರೇ ಎತ್ಲಿಲ್ಲ. "ಖಾನಾವಳಿಯವ್ರು ಹದಿನೈದ್ ದಿನಕ್ಕ ರೊಕ್ಕ ಕೊಡ್ತಾರ್ರಿ, ಅಲ್ಲೀತನಕ ಜೋಳ ಹೆಂಗ್ ತರೂದು, ಅದನ್ನ ಹೇಳ್ರಿ ಮೊದ್ಲ."

ಚಹಾ ತರ್ಸಿದೆ, ಇಬ್ರೂ ಅದೇ ಹಾಳೆ ತಿರುಗ್ಸಿ ಹಿಂದುಗಡೆ ಲೆಕ್ಕ ಹಾಕ್ತಾ ಕೂತ್ವಿ.