ಎಲೆಕ್ಟ್ರಾನುಗಳ ಓಟಕ್ಕೆ ಕಾಲದ ಅಳತೆ ಸಿಕ್ಕ ಬಗೆ

ಟ್ಯಾಂಟಲಮ್ ಡೈಸಲ್ಫೈಡ್‌ನ ಒಂದು ಬಗೆಯ ಸ್ಫಟಿಕವನ್ನು ಸುಮಾರು 180 ಕೆಲ್ವಿನ್‌ಗಿಂತ ಕೆಳಗೆ ತಂಪುಗೊಳಿಸಿದರೆ ಅದರ ವಿದ್ಯುತ್ ರೋಧ ಒಮ್ಮೆಲೇ ಏರುತ್ತದೆ. ಹದಿಮೂರು ಹದಿಮೂರು ಟ್ಯಾಂಟಲಮ್ ಪರಮಾಣುಗಳು ನಕ್ಷತ್ರದಾಕಾರದಲ್ಲಿ ಗುಂಪುಗೂಡಿರುವ ಈ ಸ್ಫಟಿಕದಲ್ಲಿ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳ ನಡುವೆ ಒಂದು ಅಂತರ ತೆರೆದುಕೊಳ್ಳುತ್ತದೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುವುದರಿಂದ ಹೀಗಾಗುತ್ತದೆಯೋ, ಪರಮಾಣುಗಳು ಜಾಗ ಬದಲಿಸಿದ್ದರಿಂದಲೋ? ಎರಡೂ ಕಾರಣಗಳು ಒಟ್ಟಿಗೇ ಇರುವ ಕಡೆ, ಸಮಸ್ಥಿತಿಯಲ್ಲಿರುವ ವಸ್ತುವನ್ನು ಎಷ್ಟು ನಿಖರವಾಗಿ ಅಳೆದರೂ ಈ ಪ್ರಶ್ನೆ ಇತ್ಯರ್ಥವಾಗುವುದು ಕಷ್ಟ. ಆದರೆ ಆ ಅಂತರವನ್ನು ಬೆಳಕಿನಿಂದ ಕೆಡವಿ, ಅದು ಎಷ್ಟು ಬೇಗ ಕುಸಿಯಿತು ಎಂದು ನೋಡಬಹುದು. ಹಗುರವಾದ ಎಲೆಕ್ಟ್ರಾನುಗಳು ಕೆಲವು ಹತ್ತು ಫೆಮ್ಟೊಸೆಕೆಂಡುಗಳಲ್ಲೇ ಸ್ಪಂದಿಸುತ್ತವೆ; ಭಾರವಾದ ಪರಮಾಣುಗಳಿಗೆ ನೂರಾರು ಫೆಮ್ಟೊಸೆಕೆಂಡು ಬೇಕು. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು.

ಇಂಥ ಅಳತೆಯ ಬೇರುಗಳು 1887ರಷ್ಟು ಹಿಂದಕ್ಕೆ ಹೋಗುತ್ತವೆ. ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಹೈನ್ರಿಕ್ ಹರ್ಟ್ಜ್ ಅವರು ನೇರಳಾತೀತ ಬೆಳಕು ಬಿದ್ದಾಗ ಕಿಡಿ ಹೆಚ್ಚು ಸುಲಭವಾಗಿ ಹಾರುವುದನ್ನು ಗಮನಿಸಿದರು. ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರದಬ್ಬುತ್ತವೆ ಎಂಬ ವಿವರಣೆಯನ್ನು 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಕೊಟ್ಟರು. ಹೊರಬಂದ ಎಲೆಕ್ಟ್ರಾನಿನ ಶಕ್ತಿಯನ್ನು ಸೂಕ್ಷ್ಮವಾಗಿ ಅಳೆಯುವ ಕಲೆಯನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಬೆಳೆಸಿದ ಕಾಯ್ ಸೀಗ್‌ಬಾನ್ 1981ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಎಲೆಕ್ಟ್ರಾನು ಯಾವ ಕೋನದಲ್ಲಿ ಹೊರಟಿತು ಎಂಬುದನ್ನೂ ದಾಖಲಿಸಿದರೆ ಸ್ಫಟಿಕದೊಳಗೆ ಅದಕ್ಕಿದ್ದ ಸಂವೇಗವೂ ತಿಳಿಯುತ್ತದೆ. 1986ರಲ್ಲಿ ಅಧಿಕ ತಾಪದ ಅತಿವಾಹಕಗಳು (ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತುಗಳು) ಬೆಳಕಿಗೆ ಬಂದ ಮೇಲೆ ಈ ವಿಧಾನ ಘನವಸ್ತು ಭೌತಶಾಸ್ತ್ರದ ಮುಖ್ಯ ಸಾಧನಗಳಲ್ಲೊಂದಾಯಿತು. ಶಕ್ತಿ ಸಿಕ್ಕಿತು, ಸಂವೇಗ ಸಿಕ್ಕಿತು, ಕಾಲ ಮಾತ್ರ ಸಿಗಲಿಲ್ಲ.

ಕಾಲವನ್ನು ಸೇರಿಸುವ ಉಪಾಯ ಕೇಳುವುದಕ್ಕೆ ಸರಳವಾಗಿದೆ. ಮೊದಲ ಲೇಸರ್ ಮಿಡಿತ ವಸ್ತುವನ್ನು ಉದ್ರೇಕಿಸುತ್ತದೆ. ತುಸು ತಡವಾಗಿ ಬರುವ ಎರಡನೆಯದು ಆ ಗಳಿಗೆಯ ಎಲೆಕ್ಟ್ರಾನುಗಳನ್ನು ಹೊರಗೆಳೆಯುತ್ತದೆ. ಎಷ್ಟು ತಡ ಎಂಬುದನ್ನು ಯಾವ ಗಡಿಯಾರವೂ ನಿರ್ಧರಿಸುವುದಿಲ್ಲ, ಕನ್ನಡಿಯೊಂದರ ಸ್ಥಾನ ನಿರ್ಧರಿಸುತ್ತದೆ. ಕನ್ನಡಿಗಳನ್ನು ಹೊತ್ತ ಹಲಗೆಯನ್ನು 15 ಮೈಕ್ರೊಮೀಟರ್ ಹಿಂದಕ್ಕೆ ಸರಿಸಿದರೆ ಬೆಳಕಿನ ಹೋಗಿಬರುವ ದಾರಿ 30 ಮೈಕ್ರೊಮೀಟರ್ ಹೆಚ್ಚುತ್ತದೆ, ಮಿಡಿತ 100 ಫೆಮ್ಟೊಸೆಕೆಂಡು ತಡವಾಗುತ್ತದೆ. ಹಲಗೆಯನ್ನು ಹೆಜ್ಜೆಹೆಜ್ಜೆಯಾಗಿ ಸರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಲಕ್ಷಾಂತರ ಬಾರಿ ಅದೇ ಪ್ರಯೋಗವನ್ನು ಮರುಕಳಿಸಿ, ಸಿಕ್ಕ ಚಿತ್ರಗಳನ್ನು ಸಾಲಾಗಿ ಜೋಡಿಸುತ್ತಾರೆ.

1980ರ ದಶಕದ ನಡುವಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಇಂಡಿಯಮ್ ಫಾಸ್ಫೈಡ್ ಮೇಲ್ಮೈಯಲ್ಲಿ ಇದನ್ನು ಮಾಡಿ ತೋರಿಸಿದರು. 1992ರಲ್ಲಿ ಚಿನ್ನದ ತೆಳುಪದರದ ಮೇಲೆ ನಡೆದ ಅಳತೆಯನ್ನು ನಾನು ಇನ್ನೂ ಮಹತ್ವದ್ದೆಂದು ಎಣಿಸುತ್ತೇನೆ. ಲೋಹಕ್ಕೆ ಬೆಳಕು ಬಿದ್ದೊಡನೆ ಎಲೆಕ್ಟ್ರಾನುಗಳು ತಮ್ಮತಮ್ಮಲ್ಲಿ ಶಕ್ತಿ ಹಂಚಿಕೊಂಡು ಒಂದು ಸಾಮಾನ್ಯ ತಾಪಕ್ಕೆ ಬರುತ್ತವೆ, ಬಳಿಕ ಆ ಬಿಸಿಯನ್ನು ಪರಮಾಣುಗಳಿಗೆ ದಾಟಿಸುತ್ತವೆ ಎಂದು ಅಲ್ಲಿಯವರೆಗಿನ ಲೆಕ್ಕಾಚಾರ ಹೇಳುತ್ತಿತ್ತು. ನೂರಾರು ಫೆಮ್ಟೊಸೆಕೆಂಡುಗಳವರೆಗೆ ಎಲೆಕ್ಟ್ರಾನುಗಳಿಗೆ ತಾಪವೆಂದು ಕರೆಯಬಹುದಾದದ್ದೇ ಇರುವುದಿಲ್ಲ ಎಂಬುದು ಚಿನ್ನದಲ್ಲಿ ನೇರವಾಗಿ ಕಾಣಿಸಿತು.

ಅಡಚಣೆಗಳೂ ಕಡಿಮೆಯಿರಲಿಲ್ಲ. ಟೈಟೇನಿಯಮ್-ಸಫೈರ್ ಲೇಸರಿನ ಬೆಳಕನ್ನು ನಾಲ್ಕು ಪಟ್ಟು ಆವರ್ತನಕ್ಕೆ ಏರಿಸಿದರೆ ಒಂದೊಂದು ಫೋಟಾನಿಗೆ ಸುಮಾರು 6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬರುತ್ತದೆ. ಎಲೆಕ್ಟ್ರಾನನ್ನು ಮೇಲ್ಮೈಯಿಂದ ಬಿಡಿಸಲು ಅದರಲ್ಲಿ ನಾಲ್ಕೈದು ಖರ್ಚಾಗುವುದರಿಂದ ಕಡಿಮೆ ಸಂವೇಗದವು ಮಾತ್ರ ಕೈಗೆ ಸಿಗುತ್ತವೆ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ನ ಹೆಚ್ಚು ಸಂವೇಗದ ಮುಖ್ಯ ಎಲೆಕ್ಟ್ರಾನುಗಳನ್ನು ಈ ಬೆಳಕು ಮುಟ್ಟುವುದೇ ಇಲ್ಲ. ದಾರಿ ತೆರೆದದ್ದು 1987ರಲ್ಲಿ ಫ್ರಾನ್ಸಿನ ಸಕ್ಲೇಯಲ್ಲಿ ಆನ್ ಲುಯಿಲಿಯೆ ಮತ್ತು ಸಂಗಡಿಗರು ಜಡಾನಿಲದಲ್ಲಿ ಪಡೆದ ಉನ್ನತ ಹಾರ್ಮೋನಿಕ್ ಬೆಳಕು, ಅಂದರೆ ಲೇಸರಿನದಕ್ಕಿಂತ ಹಲವು ಪಟ್ಟು ಆವರ್ತನದ ಬೆಳಕು. ಆಕೆ 2023ರ ನೊಬೆಲ್ ಹಂಚಿಕೊಂಡರು. ಆದರೂ ಒಂದೇ ಮಿಡಿತದಲ್ಲಿ ಹೆಚ್ಚು ಎಲೆಕ್ಟ್ರಾನುಗಳನ್ನು ಎಬ್ಬಿಸಿದರೆ ಅವು ದಾರಿಯಲ್ಲೇ ಪರಸ್ಪರ ತಳ್ಳಾಡಿ ಚಿತ್ರವನ್ನು ಕೆಡಿಸುತ್ತವೆ. ಯಂತ್ರ ಎಷ್ಟೇ ಸುಧಾರಿಸಿದರೂ ತಪ್ಪಿಸಲಾಗದ ಮಿತಿ ಇನ್ನೊಂದಿದೆ: 100 ಫೆಮ್ಟೊಸೆಕೆಂಡಿನ ಮಿಡಿತಕ್ಕೆ ಕನಿಷ್ಠ 18 ಮಿಲಿ ಎಲೆಕ್ಟ್ರಾನ್‌ವೋಲ್ಟಿನಷ್ಟು ಶಕ್ತಿಯ ಹರವು ಇದ್ದೇ ಇರುತ್ತದೆ. ಕಾಲ ಸೂಕ್ಷ್ಮವಾದಷ್ಟೂ ಶಕ್ತಿ ಮಸುಕಾಗುತ್ತದೆ.

2006ರಲ್ಲಿ ಬರ್ಲಿನ್‌ನ ಲೂಕಾ ಪರ್ಫೆಟ್ಟಿ ಮತ್ತು ಸಂಗಡಿಗರು ಟ್ಯಾಂಟಲಮ್ ಡೈಸಲ್ಫೈಡ್‌ನ ಆ ಅಂತರ 100 ಫೆಮ್ಟೊಸೆಕೆಂಡಿನೊಳಗೇ ಕುಸಿಯುವುದನ್ನು ಕಂಡರು. ಪರಮಾಣುಗಳ ಕಂಪನವೂ ಕಂಡಿತಾದರೂ ಅದರ ಒಂದು ಸುತ್ತಿಗೆ ಸುಮಾರು 400 ಫೆಮ್ಟೊಸೆಕೆಂಡು ಹಿಡಿಯುತ್ತಿತ್ತು. ಹಾಗಾಗಿ ತೀರ್ಪು ಎಲೆಕ್ಟ್ರಾನುಗಳ ವಿಕರ್ಷಣೆಯ ಕಡೆಗೆ ವಾಲಿತು. 2011ರಲ್ಲಿ ಕೀಲ್ ನಗರದ ತಂಡ ಹಾರ್ಮೋನಿಕ್ ಬೆಳಕಿನಿಂದ ಟೈಟೇನಿಯಮ್ ಡೈಸೆಲೆನೈಡ್‌ನಲ್ಲೂ ಅಷ್ಟೇ ತ್ವರಿತವಾದ ಕುಸಿತವನ್ನು ಹಿಂಬಾಲಿಸಿತು. ಆದರೆ ಟ್ಯಾಂಟಲಮ್‌ನ ವ್ಯಾಜ್ಯ ಮುಗಿದಿಲ್ಲ. ಸ್ಫಟಿಕದ ಪದರಗಳು ಒಂದರ ಮೇಲೊಂದು ಜೋಡಿಜೋಡಿಯಾಗಿ ಕುಳಿತರೂ ಅಂಥ ಅಂತರ ಹುಟ್ಟಬಹುದೆಂಬ ವಾದ ಕಳೆದ ಹತ್ತು ವರ್ಷಗಳಲ್ಲಿ ಬಲಗೊಂಡಿದೆ. ಕುಸಿತದ ವೇಗವೊಂದನ್ನೇ ಹಿಡಿದು ಕಾರಣವನ್ನು ಘೋಷಿಸುವುದು ಅವಸರವೆಂದೇ ನನ್ನ ಅಭಿಪ್ರಾಯ.

ಈ ನಡುವೆ ಬೆಳಕಿನ ಪಾತ್ರವೇ ಬದಲಾಗಿದೆ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೂಹ್ ಗೆಡಿಕ್ ತಂಡ ಬಿಸ್ಮತ್ ಸೆಲೆನೈಡ್ ಮೇಲ್ಮೈಯಲ್ಲಿ, ಲೇಸರ್ ಬೀಳುತ್ತಿರುವಷ್ಟು ಹೊತ್ತು ಮಾತ್ರ ಎಲೆಕ್ಟ್ರಾನುಗಳ ಶಕ್ತಿಪಟ್ಟಿಗಳಿಗೆ (ಅವು ಇರಬಹುದಾದ ಶಕ್ತಿಗಳ ಹರವುಗಳಿಗೆ) ಒಂದೊಂದು ಫೋಟಾನಿನ ಶಕ್ತಿಯಷ್ಟು ಅಂತರದಲ್ಲಿ ಪ್ರತಿರೂಪಗಳು ಮೂಡುವುದನ್ನು ತೋರಿಸಿತು. 2020ರಲ್ಲಿ ಜಪಾನಿನ ಓಕಿನಾವದಲ್ಲಿ ಕೇಶವ್ ದಾನಿ ಅವರ ತಂಡ, ಬೆಳಕನ್ನು ನೇರವಾಗಿ ಹೀರಿ ಹುಟ್ಟಲಾಗದ ಎಕ್ಸಿಟಾನುಗಳನ್ನು (ಎಲೆಕ್ಟ್ರಾನು ಮತ್ತು ಅದು ಬಿಟ್ಟುಹೋದ ಖಾಲಿ ಜಾಗ ಸೇರಿದ ಜೋಡಿಗಳನ್ನು) ಟಂಗ್‌ಸ್ಟನ್ ಡೈಸೆಲೆನೈಡ್‌ನ ಒಂದೇ ಪದರದಲ್ಲಿ ನೇರವಾಗಿ ಗುರುತಿಸಿತು. ಗ್ರಾಫೀನ್‌ನಲ್ಲಿ ಎಲೆಕ್ಟ್ರಾನುಗಳು ಬೇಗ ಬೇಗ ಡಿಕ್ಕಿ ಹೊಡೆಯುವುದರಿಂದ ಅಂಥ ಪ್ರತಿರೂಪಗಳು ಉಳಿಯಲಾರವೆಂಬ ಅನುಮಾನವಿತ್ತು. 2025ರಲ್ಲಿ ಪ್ರಕಟವಾದ ಪ್ರಯೋಗಗಳು ಅವು ಅಲ್ಲಿಯೂ ಮೂಡುತ್ತವೆಂಬುದಕ್ಕೆ ಪುರಾವೆ ಒದಗಿಸಿವೆ.